ಬಿದ್ದ ಮಾಳಿಗೆಯ ವಿಳಾಸ

ಹೈದರಾಬಾದಿನ ಪುರಾನಾ ಪುಲ್ ಹತ್ತಿರ ವಾರಕ್ಕೊಮ್ಮೆ ಕೂಡುವ ಜುಮ್ಮೇರಾತ್ ಬಜಾರ್‌ನಲ್ಲಿ ತುಕ್ಕು ಹಿಡಿದ ಸೈಕಲ್ ಚೈನಿನಿಂದ ಹಿತ್ತಾಳೆ ಹಂಡೆಯವರೆಗೆ ಎಲ್ಲವೂ ಸಿಗುತ್ತದೆ. ಇಂಥ ಸಂತೆಗಳಲ್ಲಿ, ನಗರದ ಹಳೆ ಮರಮುಟ್ಟಿನ ಅಂಗಡಿಗಳಲ್ಲಿ ಗೋಡೆಗೆ ಒರಗಿಸಿಟ್ಟ ತೇಗದ ಬಾಗಿಲುಗಳಿಗೆ ಬೇರೆಯದೇ ಗಿರಾಕಿಗಳಿದ್ದಾರೆ. ರೆಸ್ಟೋರೆಂಟ್ ತೆರೆಯುವವರು, ತೋಟದ ಮನೆ ಕಟ್ಟಿಸುವವರು, ಒಳಾಂಗಣ ಸಿಂಗರಿಸುವವರು ಬಂದು ಕೈಯಿಂದ ಸವರಿ ನೋಡಿ ಚೌಕಾಸಿ ಮಾಡುತ್ತಾರೆ. ಬಾಗಿಲಿನ ತುಂಬ ಕಬ್ಬಿಣದ ಗುಬ್ಬಿಮೊಳೆ, ಚೌಕಟ್ಟಿನ ನೆತ್ತಿಯಲ್ಲಿ ಕಮಲವೋ ಗಣಪತಿಯೋ, ಹೊಸ್ತಿಲ ಮೇಲೆ ತಲೆಮಾರುಗಳ ಅರಿಶಿನದ ಕಲೆ. ಬೆಲೆ ಕೇಳಿದರೆ ಥಟ್ಟನೆ ಹೇಳುತ್ತಾರೆ. ಯಾವ ಊರಿನದು, ಯಾರ ಮನೆಯದು ಎಂದು ಕೇಳಿದರೆ ಅಂಗಡಿಯವನಿಗೂ ಗೊತ್ತಿರುವುದಿಲ್ಲ.

ಬಾಗಿಲು ಕಿತ್ತು ಬಂದಿತೆಂದರೆ ಅದರ ಹಿಂದೊಂದು ಮನೆ ಬೀಳುತ್ತಿದೆ ಎಂದೇ ಲೆಕ್ಕ. ಕಲಬುರಗಿ, ಬೀದರ್, ರಾಯಚೂರಿನಿಂದ ಹಿಡಿದು ತೆಲಂಗಾಣದ ತಾಂಡೂರು, ನಾರಾಯಣಪೇಟೆ, ಜಹೀರಾಬಾದ್ ಕಡೆಯವರೆಗೆ ಹಳ್ಳಿಯ ಹಳೆಯ ಮನೆ ಎಂದರೆ ಹೆಚ್ಚಾಗಿ ಮಾಳಿಗೆ ಮನೆ. ಎರಡು ಮೂರು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಸಾಲು ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಸೊಪ್ಪುಸದೆ, ಕೊನೆಗೆ ಗೇಣುಗಟ್ಟಲೆ ಮಣ್ಣಿನ ಮೇಲ್ಮುದ್ದಿ. ಮುಂಗಾರಿಗೆ ಮುಂಚೆ ಪ್ರತಿ ವರ್ಷ ಕರಲು ಮಣ್ಣು ಹೊತ್ತು ತಂದು ಹರಡಿ, ತುಳಿದು, ಬಿರುಕು ಮುಚ್ಚಬೇಕು. ಒಂದೆರಡು ವರ್ಷ ಆ ಕೆಲಸ ತಪ್ಪಿದರೆ ನೀರು ಜಂತಿಗೆ ಇಳಿಯುತ್ತದೆ. ಜಂತಿ ಕೊಳೆತರೆ ಮಾಳಿಗೆ ಕುಸಿಯುತ್ತದೆ. ತಲೆಯ ಮೇಲೆ ಮಾಳಿಗೆ ಇಲ್ಲದ ಮಣ್ಣಿನ ಗೋಡೆ ನಾಲ್ಕಾರು ಮಳೆಗಾಲಗಳಲ್ಲಿ ಕರಗಿ ದಿಬ್ಬವಾಗುತ್ತದೆ. ಈ ನಡುವೆ ಯಾರೋ ಬಂದು ಬಾಗಿಲು, ಚೌಕಟ್ಟು ಬಿಚ್ಚಿಕೊಂಡು ಹೋಗುತ್ತಾರೆ. ಚೌಕಟ್ಟಿನ ಆಧಾರ ಹೋದ ಗೋಡೆ ಮೊದಲು ಅಲ್ಲಿಯೇ ಸೀಳುತ್ತದೆ.

ಈ ಸಾವಿನ ಹಾದಿಯಲ್ಲಿ ಯಾವುದೋ ಒಂದು ಬೆಳಿಗ್ಗೆ ಕ್ಯಾಮೆರಾ ಹಿಡಿದ ಮನುಷ್ಯ ಬಂದು ನಿಲ್ಲುತ್ತಾನೆ. ಹೈದರಾಬಾದಿನಿಂದ ಶನಿವಾರ ಭಾನುವಾರ ಹೀಗೆ ಹೊರಡುವ ಹವ್ಯಾಸಿಗಳು ಈಗ ಕಡಿಮೆಯೇನಿಲ್ಲ. 158 ಕಿಲೋಮೀಟರಿನ ಹೊರವರ್ತುಲ ರಸ್ತೆ ದಾಟಿ ಒಂದೆರಡು ತಾಸು ಗಾಡಿ ಓಡಿಸಿದರೆ ಪಾಳುಬಿದ್ದ ಬುರುಜು, ಗಡಿ ಎಂಬ ಕೋಟೆಮನೆ, ಮೆಟ್ಟಿಲು ಬಾವಿ, ದನದ ಕೊಟ್ಟಿಗೆಗಳ ಸೀಮೆ. ಅವರು ತೆಗೆದ ಚಿತ್ರಗಳು ನೋಡಲು ಚೆಂದವೇ ಇರುತ್ತವೆ: ಸೀಳಿದ ಗೋಡೆ, ಅದರೊಳಗಿಂದ ಮೇಲೆದ್ದ ಅರಳಿ ಸಸಿ, ಒಂಟಿ ಕಿಟಕಿ, ಸಂಜೆಯ ಕೆಂಪು. ಆದರೆ ನೂರು ಚಿತ್ರ ನೋಡಿ ಮುಗಿಸಿದ ಮೇಲೂ ಆ ಮನೆಯಲ್ಲಿ ಜೋಳ ಎಲ್ಲಿಡುತ್ತಿದ್ದರು, ಎತ್ತು ಎಲ್ಲಿ ಕಟ್ಟುತ್ತಿದ್ದರು, ಹೊಗೆ ಎಲ್ಲಿಂದ ಹೋಗುತ್ತಿತ್ತು ಎಂಬುದು ತಿಳಿಯುವುದಿಲ್ಲ. ಹಾಳಾದದ್ದನ್ನು ಚೆಂದಗಾಣಿಸುವುದು ಒಂದು ಕಸುಬು. ಹಾಳಾಗುವ ಮುಂಚೆ ಅದು ಹೇಗೆ ದುಡಿಯುತ್ತಿತ್ತು ಎಂದು ತೋರಿಸುವುದು ಇನ್ನೊಂದು. ಎರಡನೆಯದರ ಕೊರತೆ ನಮ್ಮಲ್ಲಿ ವಿಪರೀತ.

ಹಾಗೆಂದು ಈ ಸೀಮೆಗೆ ಕ್ಯಾಮೆರಾ ಹೊಸದೇನಲ್ಲ. 1844ರಲ್ಲಿ ಉತ್ತರ ಭಾರತದ ಸರ್ಧನಾದಲ್ಲಿ ಹುಟ್ಟಿದ ಲಾಲಾ ದೀನದಯಾಳ್ ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಕಲಿತು, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಛಾಯಾಗ್ರಹಣ ಹಿಡಿದವರು. ಮುಂದೆ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದರು, ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು, 'ರಾಜಾ' ಎನಿಸಿಕೊಂಡರು. ಕಟ್ಟಡದ ಎದುರು ಅವರು ನಿಲ್ಲುತ್ತಿದ್ದ ರೀತಿಯಲ್ಲೇ ಎಂಜಿನಿಯರಿಂಗ್ ಓದಿದ ಕಣ್ಣು ಕಾಣುತ್ತದೆ. ಗೋಡೆ ನೆಟ್ಟಗಿರುತ್ತದೆ, ಬುಡದಿಂದ ನೆತ್ತಿಯವರೆಗೆ ಕಟ್ಟಡ ಪೂರ್ತಿ ಕಾಣುತ್ತದೆ, ಅಳತೆ ತಿಳಿಯಲೆಂದು ಎಲ್ಲೋ ಒಬ್ಬ ಮನುಷ್ಯ ನಿಂತಿರುತ್ತಾನೆ. 1892ರ ಹೊತ್ತಿಗೆ ನಿಜಾಮರ ಸೀಮೆಯ ದೃಶ್ಯಗಳದ್ದೇ ಒಂದು ಆಲ್ಬಂ ಸಿದ್ಧವಾಗಿತ್ತು. ಆದರೆ ಆಸ್ಥಾನದ ಛಾಯಾಗ್ರಾಹಕ ಆಸ್ಥಾನಕ್ಕೆ ಬೇಕಾದದ್ದನ್ನೇ ತೆಗೆಯಬೇಕಲ್ಲ! ಕೋಟೆ, ಗುಂಬಜ್, ಗುಹಾಲಯ, ಬೇಟೆ, ಅತಿಥಿ ಸತ್ಕಾರ. ರೈತನ ಕೊಟ್ಟಿಗೆಯನ್ನು ಹುಡುಕಿಕೊಂಡು ಆ ರಾಶಿಗೆ ಇಳಿದವರಿಗೆ ದಕ್ಕುವುದು ಬಹಳ ಕಡಿಮೆ.

1914ರಲ್ಲಿ ಹೈದರಾಬಾದ್ ಸಂಸ್ಥಾನ ತನ್ನದೇ ಪುರಾತತ್ವ ಇಲಾಖೆ ತೆರೆದು ಗುಲಾಮ್ ಯಜ್ದಾನಿಯವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಮೇಲೆ ಅವರು ಬರೆದು 1947ರಲ್ಲಿ ಪ್ರಕಟವಾದ ಗ್ರಂಥ, ಫಲಕಗಳ ಸಮೇತ, ಇವತ್ತಿಗೂ ಬೀದರಿನ ಬಗ್ಗೆ ಬರೆಯುವವರ ಕೈಪಿಡಿ. ಅಲ್ಲಿಯೂ ನೋಟ ಕೋಟೆ, ಮದರಸಾ, ಗೋರಿಗಳ ಮೇಲೆ. ಸ್ಮಾರಕವಾಗುವ ಯೋಗ್ಯತೆ ಕಲ್ಲಿಗಿತ್ತು, ಮಣ್ಣಿಗಿರಲಿಲ್ಲ.

ಈ ತಾರತಮ್ಯ ಎದ್ದು ಕಂಡದ್ದು ಶ್ರೀಶೈಲಂ ಅಣೆಕಟ್ಟಿನ ಹಿನ್ನೀರು ಏರಿದಾಗ. ಕೃಷ್ಣಾ ತುಂಗಭದ್ರೆಯರ ಸಂಗಮದ ಆಸುಪಾಸಿನ ಊರುಗಳು ಮುಳುಗುವ ಮುನ್ನ ಹಳೆಯ ಗುಡಿಗಳನ್ನು ಕಲ್ಲು ಕಲ್ಲಿಗೆ ನಂಬರು ಹಾಕಿ ಬಿಚ್ಚಿ ಬೇರೆಡೆ ಜೋಡಿಸಿದರು. ಕೂಡಲಿಯ ಸಂಗಮೇಶ್ವರ ಗುಡಿ ಆಲಂಪುರಕ್ಕೆ ಬಂತು. ಜಟಪ್ರೋಲು, ಸೋಮಶಿಲೆಗಳಿಗೂ ಹೀಗೆ ಗುಡಿಗಳು ಬಂದವು. ಬಾದಾಮಿ ಚಾಲುಕ್ಯರ ಕೈಕೆಲಸ ಉಳಿಯಿತೆಂಬುದು ಸಂತೋಷವೇ. ಅದೇ ಊರುಗಳ ಪಡಸಾಲೆ, ಕಣಜ, ಕಪಲಿ ಬಾವಿಗಳಿಗೆ ನಂಬರು ಹಾಕಿದವರಿಲ್ಲ.

ಫೋಟೊ ಎಂಬುದು ಎಷ್ಟು ದೊಡ್ಡ ಸಾಕ್ಷಿಯಾಗಬಲ್ಲದು ಎಂಬುದಕ್ಕೆ ಕನ್ನಡಿಗರಿಗೆ ಮನೆಯಲ್ಲೇ ಉದಾಹರಣೆಯಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಗೆ ಬಂದು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಅಲ್ಲಿನ ಕಟ್ಟಡಗಳನ್ನು ಹಿಡಿದ. ವಿಠ್ಠಲ ಗುಡಿಯ ಕಲ್ಲಿನ ತೇರಿನ ಚಿತ್ರದಲ್ಲಿ ಇವತ್ತು ಯಾರೂ ಕಾಣದ ಒಂದು ವಸ್ತುವಿದೆ. ತೇರಿನ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ! ಆಮೇಲೆ ಅದು ಹೋಯಿತು. 50 ರೂಪಾಯಿ ನೋಟಿನ ಮೇಲೆ ಈಗ ಇರುವುದು ಬೋಳು ನೆತ್ತಿಯ ತೇರು. 1980ರ ದಶಕದಲ್ಲಿ ಆಸ್ಟ್ರೇಲಿಯದ ವಾಸ್ತುಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ತೆಗೆದರು. ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಯಾವ ಕಂಬ ಬಿತ್ತು, ಯಾವ ಗೋಡೆಯನ್ನು ಎತ್ತಿ ಕಟ್ಟಿದರು, ಎಲ್ಲಿ ಗದ್ದೆ ಬಂತು ಎಂಬುದೆಲ್ಲ ತಾನಾಗಿ ಗೊತ್ತಾಗುತ್ತದೆ. ಹಳ್ಳಿಯ ಕಟ್ಟಡಗಳಿಗೆ ಬೇಕಾದದ್ದೂ ಇದೇ ಉಪಾಯ. ಅದಕ್ಕೆ ಸೈನ್ಯಾಧಿಕಾರಿ ಬೇಡ, ಮೇಣದ ಕಾಗದವೂ ಬೇಡ. ಊರಿನ ಹುಡುಗ ವರ್ಷಕ್ಕೊಮ್ಮೆ ಅಗಸಿಯ ಕಟ್ಟೆಯ ಮೇಲೆ ಅದೇ ಜಾಗದಲ್ಲಿ ನಿಂತು ಫೋನಿನಲ್ಲಿ ಒಂದು ಚಿತ್ರ ತೆಗೆದರೂ ಸಾಕು.

ಅಮೆರಿಕದವರು ಈ ವಿಷಯದಲ್ಲಿ ಮುಂದಿದ್ದಾರೆ. 1933ರಲ್ಲಿ, ಆರ್ಥಿಕ ಕುಸಿತದ ನಡುವೆ, ಕೆಲಸವಿಲ್ಲದೆ ಕೂತ ವಾಸ್ತುಶಿಲ್ಪಿಗಳಿಗೆ ಸಂಬಳ ಕೊಟ್ಟು ಹಳೆಯ ಕಟ್ಟಡಗಳ ನಕ್ಷೆ ಮತ್ತು ಚಿತ್ರ ದಾಖಲಿಸುವ ಯೋಜನೆಯನ್ನು ಅಲ್ಲಿನ ಸರ್ಕಾರ ಶುರು ಮಾಡಿತು. ಅದರಲ್ಲಿ ಮಹಲುಗಳ ಜೊತೆಗೆ ಹುಲ್ಲು, ಕಾಳು, ದನಗಳನ್ನು ಇಡುತ್ತಿದ್ದ ಮರದ ಕಣಜಗಳೂ ಸೇರಿದವು. ಇವತ್ತು ಆ ದಾಖಲೆ ಅವರ ರಾಷ್ಟ್ರೀಯ ಗ್ರಂಥಾಲಯದಲ್ಲಿ ಯಾರಿಗೂ ಮುಕ್ತ. ವಯೋಮಿಂಗ್‌ನ ಬೆಟ್ಟಗಳ ಮುಂದೆ ನಿಂತಿರುವ ಮೌಲ್ಟನ್ ಕುಟುಂಬದ ಕಣಜವಂತೂ ಲಕ್ಷಾಂತರ ಕ್ಯಾಮೆರಾಗಳಿಗೆ ಮುಖ ಕೊಟ್ಟಿದೆ. ಅತಿಯಾಗಿ ಫೋಟೊ ತೆಗೆಸಿಕೊಂಡದ್ದೂ ಒಂದು ಕಟ್ಟಡಕ್ಕೆ ರಕ್ಷೆಯಾಗಬಹುದು ಎಂಬುದಕ್ಕೆ ಅದು ಸಾಕ್ಷಿ.

ಹಾಗಾದರೆ ನಮ್ಮ ಕಣಜ ಎಲ್ಲಿದೆ? ನೆಲದ ಕೆಳಗೆ. ಜೋಳದ ಸೀಮೆಯ ದೊಡ್ಡ ಉಗ್ರಾಣ ಹಗೇವು. ಕಿರಿದಾದ ಬಾಯಿ, ಅಗಲವಾದ ಹೊಟ್ಟೆ, ಕೊಡದ ಆಕಾರ. ಒಳಗೋಡೆಗೆ ಕಣಿಕೆ, ಹೊಟ್ಟು ಒತ್ತಿ ಹಾಸಿ, ಜೋಳ ತುಂಬಿ, ಬಾಯಿಗೆ ಪರಸಿ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಚಿಂತೆಯಿಲ್ಲ. ಒಳಗಿನ ಕಾಳು ಉಸಿರಾಡಿ ಇದ್ದ ಆಮ್ಲಜನಕ ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ನುಸಿ ಹುಳುಗಳಿಗೆ ಉಸಿರೇ ಸಿಗುವುದಿಲ್ಲ. ಔಷಧಿ ಇಲ್ಲದ ಕೀಟನಾಶಕ. ಅದೇ ಗಾಳಿ ಮನುಷ್ಯನಿಗೂ ಮೃತ್ಯು. ಅದಕ್ಕೇ ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆಗೆದಿಟ್ಟು, ಗಾಳಿಯಾಡಲು ಬಿಟ್ಟು, ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಹಗೇವಿನ ಜೋಳಕ್ಕೆ ಒಂದು ಘಾಟು ವಾಸನೆ ಇರುತ್ತಿತ್ತು, ರೊಟ್ಟಿಯಲ್ಲೂ ಅದು ತಿಳಿಯುತ್ತಿತ್ತೆಂದು ಹಿರಿಯರು ಹೇಳುತ್ತಾರೆ.

ಇಂಥದ್ದನ್ನು ಫೋಟೊ ತೆಗೆಯುವುದು ಹೇಗೆ? ಮೇಲಿನಿಂದ ಕಾಣುವುದು ಅಂಗಳದಲ್ಲಿ ಒಂದು ಚಪ್ಪಡಿ ಕಲ್ಲು ಮಾತ್ರ. ಕ್ಯಾಮೆರಾದವರು ಅದರ ಮೇಲೆಯೇ ಟ್ರೈಪಾಡ್ ಇಟ್ಟು ಹಿಂದಿನ ಬಾಗಿಲನ್ನು ತೆಗೆದುಕೊಂಡು ಹೋಗುವುದುಂಟು! ಬಲ್ಲವರು ಮೂರು ನಾಲ್ಕು ಚಿತ್ರಗಳಲ್ಲಿ ಕತೆ ಹೇಳುತ್ತಾರೆ. ಮೊದಲು ಮಾಳಿಗೆ ಹತ್ತಿ, ಅಂಗಳದಲ್ಲಿ ಹಗೇವು ಎಲ್ಲಿದೆ, ಬಾಗಿಲಿನಿಂದ ಎಷ್ಟು ದೂರ ಎಂದು ಕಾಣುವಂತೆ ಒಂದು. ಆಮೇಲೆ ಬಾಯಿಯ ಪಕ್ಕ ಒಂದು ಕುಡುಗೋಲೋ ಸೇರೋ ಇಟ್ಟು ಅಗಲ ತಿಳಿಯುವಂತೆ ಒಂದು. ಫೋನನ್ನು ಕೋಲಿಗೆ ಕಟ್ಟಿ, ಸಣ್ಣ ದೀಪದ ಜೊತೆ ಒಳಗಿಳಿಸಿ ಹೊಟ್ಟೆಯ ಒಂದು. ಮನೆಯ ಹಿರಿಯರು ಬದಿಯಲ್ಲಿ ಕೂತು ಕೈಯಾಡಿಸಿ ಆಳ ತೋರಿಸುತ್ತಿರುವ ಒಂದು. ಕೊನೆಯದು ಇಲ್ಲದಿದ್ದರೆ ಮೊದಲಿನ ಮೂರೂ ಬರಿಯ ತೂತಿನ ಚಿತ್ರಗಳು. ಮುಚ್ಚಿಕೊಂಡಿದ್ದ ಹಗೇವಿಗೆ ಯಾರೂ ಇಳಿಯಬಾರದೆಂಬುದು ಬೇರೆ ಹೇಳಬೇಕಿಲ್ಲ.

ಬೆಳಕಿನ ವಿಷಯದಲ್ಲೂ ಪುಸ್ತಕದ ಪಾಠ ಇಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಮಣ್ಣಿನ ಗೋಡೆಗೆ ಸೂರ್ಯ ಹುಟ್ಟಿದ ಮೊದಲ ತಾಸಿನ ಓರೆ ಬಿಸಿಲೇ ಸರಿ. ಸಾರಿಸಿದ ಕೈಬೆರಳಿನ ಗೆರೆ, ಹುಲ್ಲಿನ ಎಳೆ, ಮಳೆ ಕೊರೆದ ಕಾಲುವೆ ಎಲ್ಲ ಎದ್ದು ಕಾಣುತ್ತವೆ. ಮೆಟ್ಟಿಲು ಬಾವಿಗೆ ಇದು ಉಪಯೋಗವಿಲ್ಲ. ಆಳದ ಕೊನೆ ಮೆಟ್ಟಿಲಿಗೆ ಬಿಸಿಲು ಮುಟ್ಟುವುದು ನೆತ್ತಿಯ ಮೇಲೆ ಸೂರ್ಯ ಬಂದಾಗ. ಛಾಯಾಗ್ರಾಹಕರು ಸಾಮಾನ್ಯವಾಗಿ ಕ್ಯಾಮೆರಾ ಚೀಲಕ್ಕೆ ಹಾಕಿ ಊಟಕ್ಕೆ ಹೋಗುವ ಹೊತ್ತಿಗೆ ಬಾವಿಯವರು ಕೆಲಸ ಶುರು ಮಾಡಬೇಕು. ಮಾಳಿಗೆ ಮನೆಯ ಒಳಗಾದರೆ ಬೆಳಕಿಂಡಿಯೇ ಗಡಿಯಾರ: ಅದರಿಂದ ಬೀಳುವ ಬಿಸಿಲಿನ ಕೋಲು ಒಲೆಯ ಮೇಲೋ ಬೀಸುವ ಕಲ್ಲಿನ ಮೇಲೋ ಬರುವವರೆಗೆ ಕಾಯುವ ತಾಳ್ಮೆ ಬೇಕು. ಉಳಿದ ಕತ್ತಲೆಗೆ ಟ್ರೈಪಾಡ್ ಮೇಲೆ ಬೇರೆ ಬೇರೆ ಬೆಳಕಿನಲ್ಲಿ ನಾಲ್ಕಾರು ಸಲ ತೆಗೆದು ಜೋಡಿಸುವ ವಿಧಾನವಿದೆ. ಫ್ಲಾಶ್ ಹೊಡೆದರೆ ನೂರು ವರ್ಷದ ಹೊಗೆ ಕುಡಿದು ಕಪ್ಪಾದ ಜಂತಿ ಪ್ಲಾಸ್ಟಿಕ್ಕಿನಂತೆ ಮಿರುಗುತ್ತದೆ.

ಇದಕ್ಕೆ ಪೂರ್ತಿ ವಿರುದ್ಧ ದಾರಿ ಹಿಡಿದವರು ಜರ್ಮನಿಯ ಬೆರ್ಂಡ್ ಮತ್ತು ಹಿಲ್ಲಾ ಬೆಷರ್ ದಂಪತಿ. 1959ರಿಂದ ದಶಕಗಟ್ಟಲೆ ಅವರು ತೆಗೆದದ್ದು ನೀರಿನ ಟ್ಯಾಂಕು, ಕಾಳಿನ ಗೋಪುರ, ಗಣಿಯ ರಾಟೆಕಂಬ, ಮರದ ಚೌಕಟ್ಟಿನ ಹಳ್ಳಿಮನೆ. ಮೋಡ ಕವಿದ ದಿನವೇ ಬೇಕು, ನೆರಳು ಬೀಳಕೂಡದು, ಕ್ಯಾಮೆರಾ ನೇರ ಎದುರಿಗೆ, ಯಾವ ಕಟ್ಟಡಕ್ಕೂ ಹೆಚ್ಚು ಕಡಿಮೆ ಇಲ್ಲ. ಹೀಗೆ ತೆಗೆದ ಹತ್ತಾರು ಟ್ಯಾಂಕುಗಳನ್ನು ಒಂದೇ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದಾಗ ಒಂದೊಂದರ ಹಟಮಾರಿ ಸ್ವಭಾವ ಕಾಣತೊಡಗಿತು. 1990ರ ವೆನಿಸ್ ಬಿನಾಲೆಯಲ್ಲಿ ಅವರಿಗೆ ಬಹುಮಾನ ಬಂದದ್ದು ಶಿಲ್ಪಕಲೆಯ ವಿಭಾಗದಲ್ಲಿ ಎಂಬುದು ತಮಾಷೆಯಾದರೂ ನಿಜ. ಕಲಬುರಗಿ ಸೀಮೆಯ ಊರೂರಿನ ಹುಡೇವುಗಳನ್ನು, ಅಂದರೆ ದರೋಡೆ ದಂಡುಗಳ ಕಾಲದಲ್ಲಿ ಕಾವಲಿಗೆಂದು ಕಟ್ಟಿದ ದುಂಡನೆಯ ಎತ್ತರದ ಬುರುಜುಗಳನ್ನು, ಯಾರಾದರೂ ಹೀಗೆ ಒಂದೇ ಕಟ್ಟಿನಲ್ಲಿ ತೆಗೆದಿಟ್ಟರೆ ಎಂಥ ಆಲ್ಬಂ ಆದೀತು! ಬುಡ ಅಗಲ, ತುದಿ ಕಿರಿದು, ಕೋವಿಯ ಕಿಂಡಿ, ಸುತ್ತಿ ಹತ್ತುವ ಮೆಟ್ಟಿಲು; ಒಂದರ ನೆತ್ತಿಯಲ್ಲಿ ಈಗ ಧ್ವಜ, ಇನ್ನೊಂದರ ನೆತ್ತಿಯಲ್ಲಿ ಮೊಬೈಲ್ ಕಂಪನಿಯ ಕಂಬ, ಮತ್ತೊಂದು ಅರ್ಧ ಕರಗಿ ಹೊಲಕ್ಕೆ ಹಾಳುಮಣ್ಣಾಗಿ ಹೋಗಿದೆ.

ಗಡಿಗಳ ಮಾತು ಬಂದರೆ ಚೆಂದದ ಪ್ರಶ್ನೆಯೇ ಅಡ್ಡ ಬರುತ್ತದೆ. ತೆಲಂಗಾಣದ ದೊರೆ, ದೇಶಮುಖರ ಕೋಟೆಮನೆಗಳಿಗೆ ಗಡಿ ಎನ್ನುತ್ತಾರೆ. ಕನ್ನಡ ಸೀಮೆಯ ವಾಡೆಗಳ ಅಣ್ಣತಮ್ಮಂದಿರು. ಎತ್ತರದ ಗೋಡೆ, ದೊಡ್ಡ ಬಾಗಿಲು, ಕೆತ್ತನೆಯ ಕಂಬಗಳ ಅಂಗಳ. ಎಲ್ಲವೂ ಕ್ಯಾಮೆರಾಗೆ ಹಬ್ಬ. ಆದರೆ ಆ ಗೋಡೆ ಎದ್ದದ್ದು ವೆಟ್ಟಿಯಿಂದ, ನಮ್ಮ ಮಾತಿನಲ್ಲಿ ಬಿಟ್ಟಿ ಚಾಕರಿಯಿಂದ. ಜನಗಾಂವ್ ಸೀಮೆಯ ವಿಸ್ನೂರು ದೇಶಮುಖರ ದಬ್ಬಾಳಿಕೆಗೆ ಎದುರು ನಿಂತು ಪಾಲಕುರ್ತಿಯ ಚಾಕಲಿ ಐಲಮ್ಮ ತನ್ನ ಬೆಳೆ ಉಳಿಸಿಕೊಂಡಳು. 1946ರ ಜುಲೈ 4ರಂದು ಕಡವೆಂಡಿಯಲ್ಲಿ ಗಡಿಯ ಕಡೆಯವರ ಗುಂಡಿಗೆ ದೊಡ್ಡಿ ಕೊಮರಯ್ಯ ಬಿದ್ದ ಮೇಲೆ ರೈತರ ಸಶಸ್ತ್ರ ಹೋರಾಟ ಹೊತ್ತಿಕೊಂಡಿತು, 1951ರವರೆಗೆ ಉರಿಯಿತು. ದೊರೆಗಳು ನಗರಕ್ಕೆ ಓಡಿದರು. ಊರಿನವರು ಗಡಿಯನ್ನು ಸುಣ್ಣ ಬಳಿದು ಕಾಪಾಡಲಿಲ್ಲ ಎಂದು ಇವತ್ತು ಯಾರಾದರೂ ಬೇಸರಪಟ್ಟರೆ, ಅವರು ಕಾಪಾಡಬೇಕಿತ್ತು ಏಕೆ ಎಂಬ ಮರುಪ್ರಶ್ನೆಗೂ ಸಿದ್ಧರಿರಬೇಕು.

ಈ ತೊಡಕನ್ನು ಚೆನ್ನಾಗಿ ಬಿಡಿಸಿದವರು ಸಿನಿಮಾದವರು. ಶ್ಯಾಮ್ ಬೆನಗಲ್ ಸಿಕಂದರಾಬಾದ್ ಬಳಿಯ ತಿರುಮಲಗಿರಿಯಲ್ಲಿ 1934ರಲ್ಲಿ ಹುಟ್ಟಿದವರು. ಕರ್ನಾಟಕ ಮೂಲದ ಅವರ ತಂದೆ ಶ್ರೀಧರ ಬೆನಗಲ್ ಸ್ವತಃ ಛಾಯಾಗ್ರಾಹಕರು. ಅಪ್ಪನ ಕ್ಯಾಮೆರಾದಲ್ಲೇ ಹನ್ನೆರಡನೆಯ ವಯಸ್ಸಿಗೆ ಮೊದಲ ಚಿತ್ರ ತೆಗೆದ ಹುಡುಗ ಮುಂದೆ 'ಅಂಕುರ್' (1974), 'ನಿಶಾಂತ್' (1975) ಮಾಡಿದಾಗ ತೆಲಂಗಾಣದ ಜಮೀನುದಾರಿ ಮನೆ ಬರಿಯ ಹಿನ್ನೆಲೆಯಾಗಿ ನಿಲ್ಲಲಿಲ್ಲ. ಯಾರು ಯಾವ ಹೊಸ್ತಿಲವರೆಗೆ ಬರಬಹುದು ಎಂಬುದರಲ್ಲೇ ಅರ್ಧ ಕತೆಯಿತ್ತು. 'ಮಾ ಭೂಮಿ' ನಿರ್ಮಿಸಿದ ಬಿ. ನರಸಿಂಗರಾವ್ 1988ರಲ್ಲಿ 'ದಾಸಿ' ನಿರ್ದೇಶಿಸಿದರು. ಅದರಲ್ಲಿ ಗಡಿಯನ್ನು ನೋಡುವ ಕಣ್ಣು ದೊರೆಯದಲ್ಲ, ಮನೆಯ ದಾಸಿಯದು. ಅರ್ಚನಾಗೆ ಶ್ರೇಷ್ಠ ನಟಿ, ಅಪೂರ್ವ ಕಿಶೋರ್ ಬೀರ್‌ಗೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ಬಂತು. ಗಡಿಯ ಚಿತ್ರ ತೆಗೆಯಲು ಹೊರಟವರು ಮುಂಬಾಗಿಲಿನ ಎದುರು ಸಾಲುಗಟ್ಟುವ ಮೊದಲು ಈ ಚಿತ್ರ ನೋಡುವುದು ಮೇಲು. ಹಿತ್ತಲ ಬಾಗಿಲು, ಹಗೇವಿನ ಅಂಗಳ, ಕೆಲಸದವರು ಹತ್ತಿಳಿಯುತ್ತಿದ್ದ ಕಡಿದಾದ ಮೆಟ್ಟಿಲು, ಇವು ಸವೆದಿರುವಷ್ಟು ದರ್ಬಾರಿನ ಕಂಬ ಸವೆದಿರುವುದಿಲ್ಲ.

ಕೆಲವು ಗಡಿಗಳಿಗೆ ಹೊಸ ಉದ್ಯೋಗ ಸಿಕ್ಕಿದೆ. ವನಪರ್ತಿ ಅರಮನೆ 1959ರಿಂದ ಪಾಲಿಟೆಕ್ನಿಕ್. ಕಾಮರೆಡ್ಡಿ ಜಿಲ್ಲೆಯ ದೋಮಕೊಂಡ ಕೋಟೆಯನ್ನು ಅದರ ವಾರಸುದಾರ ಕುಟುಂಬವೇ ಹಣ ಹಾಕಿ ಸರಿಪಡಿಸಿತು. 2022ರಲ್ಲಿ ಯುನೆಸ್ಕೊದ ಏಷ್ಯಾ ಪೆಸಿಫಿಕ್ ಪರಂಪರೆ ಪ್ರಶಸ್ತಿ ಬಂತು. ಅದೇ ವರ್ಷ ಗೋಲ್ಕೊಂಡದ ಕುತುಬ್‌ಶಾಹಿ ಗೋರಿಗಳ ಆವರಣದ ಮೆಟ್ಟಿಲು ಬಾವಿಗಳಿಗೂ ಅದೇ ಪ್ರಶಸ್ತಿ. ಅವುಗಳಲ್ಲಿ ದೊಡ್ಡದಾದ ಬಡಿ ಬಾವೋಲಿಯ ಒಂದು ಬದಿ 2013ರ ಮಳೆಗೆ ಕುಸಿದುಬಿದ್ದಿತ್ತು. ಆಗಾ ಖಾನ್ ಟ್ರಸ್ಟ್‌ನವರು ಅದನ್ನು ಎತ್ತಿ ಕಟ್ಟಿದರು.

ಊರೊಳಗಿನ ಬನ್ಸಿಲಾಲ್‌ಪೇಟೆ ಬಾವಿಯ ಪಾಠವೇ ಬೇರೆ. ಸಿಕಂದರಾಬಾದಿನ ಈ ಬಾವಿ ದಶಕಗಟ್ಟಲೆ ತಿಪ್ಪೆಗುಂಡಿಯಾಗಿತ್ತು. ನೂರಾರು ಲಾರಿ ಕಸ ಎತ್ತಿ, ಕಲ್ಲು ಜೋಡಿಸಿ, 2022ರ ಡಿಸೆಂಬರ್ 5ರಂದು ಅದನ್ನು ಮತ್ತೆ ಜನರಿಗೆ ತೆರೆದರು. ಈಗ ಅಲ್ಲಿ ಮದುವೆಗೆ ಮುಂಚಿನ ಜೋಡಿಗಳ ಫೋಟೊಗಳಿಗೆ ಸರದಿ. ಆದರೆ ಈ ಬಾವಿಯ ಕತೆಯಲ್ಲಿ ನಿಜವಾಗಿ ಬೆಲೆಬಾಳುವ ಚಿತ್ರಗಳು ದೀಪಾಲಂಕಾರದವಲ್ಲ. ಪ್ಲಾಸ್ಟಿಕ್ ಚೀಲ, ಕಟ್ಟಡದ ಭಗ್ನಾವಶೇಷ ತುಂಬಿ ನೀರೇ ಕಾಣದಿದ್ದ ಹಳೆಯ ಚಿತ್ರಗಳು. ಅವನ್ನು ತೋರಿಸಿದ ಮೇಲೇ ಇದು ಆಗಬಹುದಾದ ಕೆಲಸ ಎಂದು ನಂಬಿಸಲು ಸಾಧ್ಯ. ಕಸ ಬದಿಗೆ ಸರಿಸಿ, ವಿದ್ಯುತ್ ತಂತಿ ತಪ್ಪಿಸಿ, ಬಿಎಸ್‌ಎನ್‌ಎಲ್ ಕಂಬವನ್ನು ಫೋಟೊಶಾಪ್‌ನಲ್ಲಿ ಅಳಿಸಿ ತೆಗೆಯುವ ಚಿತ್ರ ಪೋಸ್ಟರಿಗೆ ಆದೀತು, ದಾಖಲೆಗೆ ಆಗದು.

ಹಳ್ಳಿಗೆ ಹೋದವರಿಗೆ ಮೊದಲು ಎದುರಾಗುವುದು ಕಟ್ಟಡವಲ್ಲ, ಕಟ್ಟೆಯ ಮೇಲಿನ ಪ್ರಶ್ನೆ. "ಏನ್ ತಮ್ಮಾ, ಈ ಹಾಳ್ ಬಿದ್ದ ಮನಿ ಫೋಟೊ ತೆಗಿಲಾಕ್ ಅಷ್ಟ್ ದೂರದಿಂದ ಬಂದಿಯೇನು?" ಎಂದು ಅಜ್ಜಿ ಕೇಳಿದಾಗ "ಹೌದಬೇ ಯವ್ವಾ" ಎಂದರೆ ಅರ್ಧ ನಂಬುತ್ತಾಳೆ. ಉಳಿದರ್ಧ ಅನುಮಾನಕ್ಕೆ ಕಾರಣಗಳಿವೆ. ಈ ಸೀಮೆಯಲ್ಲಿ ಹಳೆ ಕೋಟೆ, ಗುಡಿಗಳ ಬುಡ ಅಗೆಯುವ ನಿಧಿಗಳ್ಳರ ಕಾಟ ಇದ್ದೇ ಇದೆ. ಅವರೂ ಮೊದಲು ಫೋಟೊ ತೆಗೆಯುತ್ತಾರೆ. ಹೈದರಾಬಾದಿನ ಸುತ್ತಲ ಹಳ್ಳಿಗಳಲ್ಲಾದರೆ ಅಳತೆ ಪಟ್ಟಿ ಕಂಡ ಕೂಡಲೇ ಜಮೀನು ಸ್ವಾಧೀನಕ್ಕೆ ಬಂದವರೆಂಬ ಭಯ. ಅಣ್ಣತಮ್ಮಂದಿರ ಪಾಲು ಕೋರ್ಟಿನಲ್ಲಿದ್ದರೆ ಒಬ್ಬರ ಅಪ್ಪಣೆ ಇನ್ನೊಬ್ಬರಿಗೆ ಜಗಳಕ್ಕೆ ನೆಪ. ಆದ್ದರಿಂದ ಮೊದಲು ಚಹಾ, ಆಮೇಲೆ ಮಾತು, ಕ್ಯಾಮೆರಾ ಕೊನೆಗೆ. ಹಿಂದಿನ ಸಲ ತೆಗೆದ ಚಿತ್ರಗಳ ಪ್ರಿಂಟ್ ಕೈಯಲ್ಲಿದ್ದರೆ ಯಾವ ಗುರುತಿನ ಚೀಟಿಯೂ ಬೇಕಾಗುವುದಿಲ್ಲ.

ಅಪಾಯಗಳೂ ಸಣ್ಣವಲ್ಲ. ಕೊಳೆತ ಜಂತಿಯ ಮಾಳಿಗೆ ಮೇಲೆ ಹತ್ತುವುದು, ಕಟ್ಟೆಯಿಲ್ಲದ ಬಾವಿಯ ಅಂಚಿನಲ್ಲಿ ಹಿಂದೆ ಹಿಂದೆ ಹೆಜ್ಜೆಯಿಡುವುದು, ಬುರುಜಿನ ಹೆಜ್ಜೇನಿನ ಕೆಳಗೆ ಡ್ರೋನ್ ಗುಂಯ್ಗುಡಿಸುವುದು, ಇವೆಲ್ಲ ಆಸ್ಪತ್ರೆಯ ದಾರಿ. ಡ್ರೋನಿನ ವಿಷಯದಲ್ಲಿ ಕಾನೂನೂ ಇದೆ. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆ, ಹೈದರಾಬಾದ್ ಬಳಿಯ ದುಂಡಿಗಲ್, ಹಕೀಂಪೇಟೆಗಳಲ್ಲೂ ವಾಯುನೆಲೆ, ಶಂಶಾಬಾದಿನಲ್ಲಿ ವಿಮಾನ ನಿಲ್ದಾಣ. ಆಕಾಶದ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ವಲಯ ನೋಡದೆ ಹಾರಿಸಿದರೆ ಪಾಳುಮನೆಯ ಬದಲು ಪೊಲೀಸ್ ಠಾಣೆಯ ಒಳಾಂಗಣ ನೋಡಬೇಕಾಗುತ್ತದೆ.

ಇಷ್ಟೆಲ್ಲ ಮಾಡುವಾಗ ಮಣ್ಣಿನ ಮನೆ ಬಿಟ್ಟು ಆರ್‌ಸಿಸಿ ಕಟ್ಟಿಕೊಂಡವರ ಬಗ್ಗೆ ಹನಿಗಣ್ಣಾಗುವುದು ಸಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ಸೀಮೆ ನಡುಗಿದಾಗ ಜನರನ್ನು ಕೊಂದದ್ದು ಮುಖ್ಯವಾಗಿ ದಪ್ಪ ಕಲ್ಲುಮಣ್ಣಿನ ಗೋಡೆ ಮತ್ತು 'ತಂಪಾಗಿರುತ್ತದೆ' ಎಂದು ಹೊಗಳಿಸಿಕೊಳ್ಳುವ ಅದೇ ಭಾರದ ಮೇಲ್ಮುದ್ದಿ. ನಿದ್ದೆಯಲ್ಲಿದ್ದ ಸಾವಿರಾರು ಮಂದಿ ಎದ್ದೇಳಲಿಲ್ಲ. ಬೀದರ್, ಕಲಬುರಗಿಯವರೂ ಆ ನಡುಕ ಕಂಡವರು. 2020ರ ಅಕ್ಟೋಬರ್ ಮಳೆಗೆ ಭೀಮಾ ತೀರದ ಮಣ್ಣಿನ ಮನೆಗಳು ಕುಸಿದವು. ಪ್ರತಿ ಬೇಸಿಗೆಯಲ್ಲಿ ಮಣ್ಣು ಹೊರುವ ಆಳು ಸಿಗದ, ಸಿಕ್ಕರೂ ಕೂಲಿ ಕೊಡಲಾಗದ ಮನೆಯಾಕೆಗೆ ಪರಂಪರೆಯ ಪಾಠ ಹೇಳುವ ಹಕ್ಕು ಶನಿವಾರ ಬಂದು ಭಾನುವಾರ ಹೋಗುವವರಿಗೆ ಇಲ್ಲ. ಅವರು ಮಾಡಬಹುದಾದದ್ದು ಆ ಮನೆ ಇರುವಾಗಲೇ ಅದನ್ನು ಪೂರ್ತಿ ಬರೆದಿಡುವುದು: ನಾಲ್ಕು ಗೋಡೆಯ ನೇರ ಚಿತ್ರ, ಮೂಲೆಗಳು, ಜಂತಿ ಗೋಡೆಗೆ ಕೂಡುವ ಜಾಗ, ದನದ ಗ್ವಾದಲಿ, ಒಲೆ, ಎಣ್ಣೆ ದೀಪದ ಗೂಡು, ಹೊರಗಿನಿಂದ ಬೀದಿಯ ಸಮೇತ ಒಂದು. ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಹೊಂದಿಕೊಳ್ಳುವಂತೆ ಸುತ್ತ ನಡೆದು ತೆಗೆದರೆ ಅದೇ ಚಿತ್ರಗಳಿಂದ ಕಂಪ್ಯೂಟರಿನಲ್ಲಿ ಮನೆಯ ಮೂರು ಆಯಾಮದ ಮಾದರಿಯನ್ನೂ ಕಟ್ಟಬಹುದು.

ಆಮೇಲೆ ಚಿತ್ರಗಳನ್ನು ಎಲ್ಲಿಡುವುದು ಎಂಬುದೇ ದೊಡ್ಡ ಮಾತು. ದೀನದಯಾಳರು 1905ರಲ್ಲಿ ತೀರಿಕೊಂಡರು. ಅವರ ಸ್ಟುಡಿಯೊದ 2,857 ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರಕ್ಕೆ ಸೇರಿದ್ದು 1989ರಲ್ಲಿ. ಗಾಜು ಒಡೆಯದೆ ಅಷ್ಟು ಕಾಲ ಉಳಿಯಿತು. ಇವತ್ತಿನ ಹಾರ್ಡ್ ಡಿಸ್ಕ್ ಹತ್ತು ವರ್ಷ ಬಾಳಿದರೆ ಪುಣ್ಯ. 'ಐಎಂಜಿ 4471' ಎಂಬ ಹೆಸರಿನ ಕಡತ ಮೊಮ್ಮಕ್ಕಳಿಗೆ ಏನೂ ಹೇಳುವುದಿಲ್ಲ. ಊರು, ತಾಲ್ಲೂಕು, ಓಣಿ, ತಿಂಗಳು, ವರ್ಷ, ಕ್ಯಾಮೆರಾ ಯಾವ ದಿಕ್ಕಿಗೆ ನೋಡುತ್ತಿತ್ತು ಎಂಬಿಷ್ಟು ಕನ್ನಡದಲ್ಲೇ ಬರೆದು ಕಡತಕ್ಕೆ ಹೆಸರಿಡಲು ಅರ್ಧ ನಿಮಿಷ ಸಾಕು. ಒಂದು ಪ್ರತಿ ತೆಗೆದವರ ಹತ್ತಿರ, ಒಂದು ಊರಿನ ಶಾಲೆ ಅಥವಾ ಪಂಚಾಯಿತಿ ಗ್ರಂಥಾಲಯದಲ್ಲಿ, ಒಂದು ಮನೆಯವರ ಕೈಗೆ ಕಾಗದದ ಮೇಲೆ. ಮನೆಯವರ ಪ್ರಿಂಟಿನ ಹಿಂದೆ ಆ ಮನೆ ಕಟ್ಟಿಸಿದವರು ಯಾರು, ಹಗೇವಿಗೆ ಎಷ್ಟು ಚೀಲ ಹಿಡಿಯುತ್ತಿತ್ತು, ಬಾಗಿಲು ಕೆತ್ತಿದ ಬಡಿಗ ಎಲ್ಲಿಯವನು ಎಂದು ಅವರಿಂದಲೇ ಬರೆಸಿಕೊಂಡು, ಬರೆದದ್ದರ ಫೋಟೊವನ್ನೂ ತೆಗೆದುಕೊಂಡು ಹೊರಟರೆ ಆ ದಿನದ ಕೆಲಸ ಮುಗಿಯಿತು.